ದ ಡ್ಯಾಲ್ಸ್: ಅಗ್ಗದ ವಿದ್ಯುತ್ತಿಗೆ ತೆತ್ತವರು ಯಾರು?

ಅಮೆರಿಕದ ಒರೆಗಾನ್ ರಾಜ್ಯದ ಗಡಿಯಲ್ಲಿ ಕೊಲಂಬಿಯಾ ನದಿ ಬಂಡೆಗಳ ನಡುವೆ ಭೋರ್ಗರೆದು ಧುಮುಕುತ್ತಿದ್ದ ಜಾಗ ಸೆಲೈಲೊ. ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳು ಅಲ್ಲಿ ಮರದ ಅಟ್ಟಣೆಗಳ ಮೇಲೆ ನಿಂತು, ಉದ್ದ ಕೋಲಿನ ಬಲೆ ಬೀಸಿ ಸಾಲ್ಮನ್ ಮೀನು ಹಿಡಿಯುತ್ತಿದ್ದರು. ಈ ಹಕ್ಕನ್ನು 1855ರ ಒಪ್ಪಂದಗಳು ಅವರಿಗೆ ಬರೆದುಕೊಟ್ಟಿದ್ದವು.

1957ರ ಮಾರ್ಚ್ 10ರಂದು ನದಿಯ ಕೆಳಹರಿವಿನಲ್ಲಿ, ದ ಡ್ಯಾಲ್ಸ್ ಊರಿನ ಬಳಿಯ ಅಣೆಕಟ್ಟಿನ ಗೇಟುಗಳು ಮುಚ್ಚಿದವು. ಕೆಲವೇ ಗಂಟೆಗಳಲ್ಲಿ ಜಲಪಾತ ಮುಳುಗಿತು. ಬುಡಕಟ್ಟುಗಳಿಗೆ ಪರಿಹಾರದ ಹಣ ಸಿಕ್ಕಿತು, ಮೀನಿನ ನೆಲೆ ಹೋಯಿತು. ಲಿಂಗನಮಕ್ಕಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರನ್ನು ಬಲ್ಲ ಕನ್ನಡಿಗರಿಗೆ ಈ ನೋವು ಅಪರಿಚಿತವಲ್ಲ.

ಅಗ್ಗದ ವಿದ್ಯುತ್ ಅರಸಿ ಮರುವರ್ಷವೇ ಆ ಊರಿಗೆ ಹಾರ್ವೆ ಅಲ್ಯೂಮಿನಿಯಂ ಕಾರ್ಖಾನೆ ಬಂತು. ನೂರಾರು ಜನರಿಗೆ ಕೆಲಸ ಸಿಕ್ಕಿತು. ಆದರೆ ಅದರ ಫ್ಲೋರೈಡ್ ಹೊಗೆ ಸುತ್ತಲಿನ ಹಣ್ಣಿನ ತೋಟಗಳನ್ನು ಸುಡತೊಡಗಿತು. ಬೆಳೆಗಾರರು ನ್ಯಾಯಾಲಯಕ್ಕೆ ಹೋದರು. ಹೊಗೆ ತಡೆಯುವ ಉಪಕರಣಗಳನ್ನು ಕಾರ್ಖಾನೆಯೇ ಅಳವಡಿಸಬೇಕೆಂದು ಫೆಡರಲ್ ನ್ಯಾಯಾಲಯ 1963ರಲ್ಲಿ ಹೇಳಿತು. ಆ ಊರಿನಲ್ಲಿ ಹಾನಿಯ ಲೆಕ್ಕ ಹಾನಿ ಮಾಡಿದವರ ಖಾತೆಗೇ ಬಿದ್ದ ಅಪರೂಪದ ಗಳಿಗೆ ಅದು.

2006ರಲ್ಲಿ ಗೂಗಲ್ ತನ್ನ ಡೇಟಾ ಸೆಂಟರನ್ನು ಅಲ್ಲಿ ತೆರೆಯಿತು. ಜಲವಿದ್ಯುತ್ ಇತ್ತು, ತೆರಿಗೆ ರಿಯಾಯಿತಿಯೂ ದೊರೆಯಿತು. ಹಗಲಿರುಳು ಓಡುವ ಸರ್ವರುಗಳ ಬಿಸಿ ಇಳಿಸಲು ಅಲ್ಲಿ ನೀರನ್ನು ಆವಿಯಾಗಿಸುತ್ತಾರೆ. ಹಾಗಾದರೆ ಎಷ್ಟು ನೀರು? ದಿ ಒರೆಗೋನಿಯನ್ ಪತ್ರಿಕೆ ಕೇಳಿದಾಗ ನಗರಾಡಳಿತ ಅದನ್ನು ವ್ಯಾಪಾರದ ಗುಟ್ಟು ಎಂದಿತು. ಮಾಹಿತಿ ಕೊಡಿರೆಂಬ ಆದೇಶದ ವಿರುದ್ಧ 2021ರಲ್ಲಿ ಪತ್ರಿಕೆಯ ಮೇಲೆಯೇ ದಾವೆ ಹೂಡಿತು. ಹೊಸ ಬಾವಿ, ಕೊಳವೆಗಳ ಖರ್ಚನ್ನು ಕಂಪನಿ ಹೊರುವ ಒಪ್ಪಂದ ಅದೇ ವರ್ಷ ಆಯಿತೆಂಬುದೂ ನಿಜ.

2022ರ ಕೊನೆಯಲ್ಲಿ ನಗರ ದಾವೆ ಕೈಬಿಟ್ಟಿತು. ಹೊರಬಿದ್ದ ಅಂಕಿ ಹೀಗಿತ್ತು: 2021ರಲ್ಲಿ ಸುಮಾರು 134 ಕೋಟಿ ಲೀಟರ್, ಅಂದರೆ ಊರಿನ ಒಟ್ಟು ಬಳಕೆಯ ಕಾಲು ಭಾಗಕ್ಕಿಂತಲೂ ಹೆಚ್ಚು.

ಬಳಸುವವರು ತೆರಬೇಕು ಎಂಬ ನ್ಯಾಯ ಸರಳವಾದದ್ದೇ. ಆದರೆ ಬಳಕೆಯ ಲೆಕ್ಕವೇ ಗುಟ್ಟಾಗಿದ್ದರೆ ಆ ನ್ಯಾಯವನ್ನು ಕೇಳುವುದಕ್ಕೂ ಜನರಿಗೆ ದಾರಿಯಿಲ್ಲ. ತೋಟ ಒಣಗಿದ್ದು ಬೆಳೆಗಾರರ ಕಣ್ಣಿಗೆ ಕಂಡಿತ್ತು. ಆವಿಯಾಗುವ ನೀರು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಅನುಮತಿ ಕೊಡುವ ಮೊದಲೇ ನೀರು, ವಿದ್ಯುತ್ತಿನ ಅಂಕಿಗಳು ಊರಿನ ಮುಂದೆ ಇರಬೇಕು.

ವಿದ್ಯುತ್ತಿನ ಮಟ್ಟಿಗೆ ಒರೆಗಾನ್ ಒಂದು ಹೆಜ್ಜೆ ಇಟ್ಟಿದೆ. 20 ಮೆಗಾವಾಟಿಗಿಂತ ಹೆಚ್ಚು ವಿದ್ಯುತ್ ಬಳಸುವ ಡೇಟಾ ಸೆಂಟರುಗಳನ್ನು ಪ್ರತ್ಯೇಕ ದರ್ಜೆಗೆ ಸೇರಿಸಿ, ಅವುಗಳಿಗಾಗಿ ತಗಲುವ ವೆಚ್ಚ ಮನೆಬಳಕೆದಾರರ ಬಿಲ್ಲಿಗೆ ಬೀಳದಂತೆ ತಡೆಯುವ ಕಾನೂನನ್ನು 2025ರಲ್ಲಿ ತಂದಿತು. ಆದರೆ ಇದು ಅನ್ವಯವಾಗುವುದು ಖಾಸಗಿ ವಿದ್ಯುತ್ ಕಂಪನಿಗಳಿಗೆ ಮಾತ್ರ. ದ ಡ್ಯಾಲ್ಸ್‌ಗೆ ವಿದ್ಯುತ್ ಕೊಡುವುದು ಸಾರ್ವಜನಿಕ ಸಂಸ್ಥೆಯಾದ್ದರಿಂದ, ಆ ಊರು ಇನ್ನೂ ಈ ಕಾನೂನಿನ ಹೊರಗೇ ಇದೆ.