ಮೂರು ಗೇಣು ಎತ್ತರ

ಅಕ್ಕನ ಮನೆ ಇರುವುದು ಸರ್ಜಾಪುರದ ಒಂದು ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ. ಕಳೆದ ವರ್ಷ ಹಾಸ್ಟೆಲಿನ ಗದ್ದಲದಿಂದ ತಪ್ಪಿಸಿಕೊಂಡು ಪಿಎಚ್‌ಡಿಯ ಒಂದು ಅಧ್ಯಾಯ ಮುಗಿಸಲೆಂದು ಎರಡು ತಿಂಗಳು ಅಲ್ಲಿದ್ದೆ. ನನ್ನ ವಿಷಯ ಬೆಂಗಳೂರು ಸೀಮೆಯ ನೇಕಾರರ ಚರಿತ್ರೆ. ಹೀಗಾಗಿ ಸರ್ಜಾಪುರದಲ್ಲಿ ಕೂತು ಸರ್ಜಾಪುರದ ಬಗ್ಗೆಯೇ ಓದುವ ಯೋಗ ಕೂಡಿಬಂದಿತ್ತು.

ಅವತ್ತು ಬೆಳಿಗ್ಗೆ ಅಕ್ಕ "ಹತ್ತೇ ನಿಮಿಷ ನೋಡ್ಕೋ, ಸ್ನಾನ ಮುಗಿಸಿ ಬಂದೆ" ಎಂದು ಹೋದಳು. ನಾಲ್ಕೂವರೆ ತಿಂಗಳ ಕೂಸು ಮಂಚದ ನಟ್ಟನಡುವೆ ಮಲಗಿತ್ತು. ಎರಡೂ ಕಡೆ ದಿಂಬು ಇಟ್ಟಿದ್ದೆವು. ನಾನು ಅದರ ಕಾಲ ಬಳಿ ಕೂತು ಬಿ.ಎಲ್. ರೈಸ್‌ನ ಮೈಸೂರು ಗೆಜೆಟಿಯರಿನಲ್ಲಿ ಸರ್ಜಾಪುರದ ನಮೂದನ್ನು ಓದುತ್ತಿದ್ದೆ. ಲ್ಯಾಪ್‌ಟಾಪ್ ಆರುವುದರಲ್ಲಿತ್ತು. ಚಾರ್ಜರ್ ಹಾಲಿನಲ್ಲಿತ್ತು. ಕೂಸು ಅಲ್ಲಿಯವರೆಗೆ ಒಮ್ಮೆಯೂ ಮಗುಚಿರಲಿಲ್ಲ. ಎದ್ದು ಹೋದೆ. ಚಾರ್ಜರ್ ಕೈಗೆ ಸಿಗುವ ಹೊತ್ತಿಗೆ ಒಳಗೆ 'ಧಪ್' ಎಂದು ಸದ್ದಾಯಿತು. ಆಮೇಲೆ ಒಂದು ಕ್ಷಣ ಏನೂ ಕೇಳಿಸಲಿಲ್ಲ. ನಂತರ ಅಳು.

ಆ ನಡುವಿನ ಒಂದು ಕ್ಷಣ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ವೈದ್ಯರು ನೋಡಿದರು. ಹಣೆಯ ಮೇಲೊಂದು ಬೋರೆ ಬಿಟ್ಟರೆ ಬೇರೇನೂ ಇರಲಿಲ್ಲ. ಎರಡು ದಿನ ಗಮನವಿಡಿ, ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಫಿಟ್ಸ್ ಬಂದರೆ ತಕ್ಷಣ ಕರೆತನ್ನಿ ಎಂದರು. ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಧಾರವಾಡದಿಂದ ಅವ್ವ ಬಂದಳು. ಅವಳೂ ಬೈಯಲಿಲ್ಲ. ಕೈಕಾಲು ತೊಳೆದುಕೊಂಡು ನೆಟ್ಟಗೆ ಮಲಗುವ ಕೋಣೆಗೆ ಹೋಗಿ, ನೆಲದಿಂದ ಹಾಸಿಗೆಯ ಅಂಚಿನವರೆಗೆ ಗೇಣು ಹಾಕಿ ಅಳೆದಳು. "ಮೂರು ಗೇಣು ಐತಿ. ಇಷ್ಟು ಎತ್ತರದ ಮ್ಯಾಲೆ ಕೂಸಿನ್ನ ಯಾಕ ಮಲಗಿಸಿದ್ರಿ?" ಎಂದಳು. ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ಮಂಚವಿತ್ತು, ಮಲಗಿಸಿದ್ದೆವು.

ಮೂರು ಗೇಣು ಎಂದರೆ ಸುಮಾರು 27 ಇಂಚು. ಅಷ್ಟು ಎತ್ತರದಿಂದ ನೆಲ ಮುಟ್ಟಲು ಒಂದು ಸೆಕೆಂಡಿನ ಅರ್ಧವೂ ಬೇಡ. ಪಕ್ಕದಲ್ಲೇ ನಿಂತಿದ್ದರೂ ಕೈಚಾಚುವುದರೊಳಗೆ ಎಲ್ಲ ಮುಗಿದಿರುತ್ತದೆ. ಅವ್ವನ ಪ್ರಶ್ನೆ ಮಾತ್ರ ನನ್ನೊಳಗೆ ಉಳಿಯಿತು. ನಮ್ಮ ಹಿಂದಿನವರು ಕೂಸನ್ನು ಎಲ್ಲಿ ಮಲಗಿಸುತ್ತಿದ್ದರು? ನಾನು ಓದಿದ ಚರಿತ್ರೆಯಲ್ಲಿ ಇದಕ್ಕೆ ಒಂದು ಸಾಲಿನ ಜಾಗವೂ ಸಿಕ್ಕಿರಲಿಲ್ಲ.

ಹುಡುಕತೊಡಗಿದಾಗ ಮೊದಲು ಸಿಕ್ಕಿದ್ದು, ಎಲ್ಲರಿಗೂ ಗೊತ್ತಿರುವ ಕಥೆಯೇ. ಭಾಗವತದ ದಶಮಸ್ಕಂಧದಲ್ಲಿ ಶಕಟಾಸುರನ ಪ್ರಸಂಗ ಬರುತ್ತದೆ. ಯಶೋದೆ ಕೂಸನ್ನು ಬಂಡಿಯ ಕೆಳಗೆ ಮಲಗಿಸಿ ನೆಂಟರನ್ನು ಉಪಚರಿಸುವುದರಲ್ಲಿ ಮುಳುಗುತ್ತಾಳೆ. ಕೂಸು ಹಾಲಿಗಾಗಿ ಅತ್ತದ್ದು ಅವಳಿಗೆ ಕೇಳಿಸುವುದಿಲ್ಲ. ಅದು ಕಾಲು ಝಾಡಿಸಿದ ರಭಸಕ್ಕೆ ಬಂಡಿಯೇ ಮಗುಚಿ ಬೀಳುತ್ತದೆ. ಇಷ್ಟು ನಮಗೆ ಗೊತ್ತು. ಆದರೆ ಅವತ್ತು ಆ ಮನೆಯಲ್ಲಿ ನೆಂಟರು ಸೇರಿದ್ದು ಯಾಕೆ? ಮೂಲದಲ್ಲಿ ಅದನ್ನು 'ಔತ್ಥಾನಿಕ' ಉತ್ಸವ ಎಂದು ಕರೆದಿದೆ. ಕೂಸು ಮೊದಲ ಸಲ ಮಗ್ಗುಲು ಹೊರಳಿದ ಸಂಭ್ರಮ ಎಂದು ಅದನ್ನು ವಿವರಿಸುತ್ತಾರೆ. ಹೊರಳಿದ ದಿನವೇ ಸಂಭ್ರಮ, ಹೊರಳಿದ ದಿನವೇ ಅವಘಡ, ತಾಯಿಯ ಗಮನ ಅತ್ತ ಹೋದ ಅದೇ ಗಳಿಗೆಯಲ್ಲಿ! ಆ ಕಥೆ ಕಟ್ಟಿದವರು ಮನೆಯಲ್ಲಿ ಕೂಸನ್ನು ನೋಡಿಕೊಂಡವರೇ ಇರಬೇಕು ಅನ್ನಿಸಿತು.

ಈ ಸಂಭ್ರಮ ಇಂದಿಗೂ ಇದೆ. ಸರ್ಜಾಪುರ ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಗಡಿಸೀಮೆ. ಅಕ್ಕನ ಪಕ್ಕದ ಮನೆಯ ತೆಲುಗಿನ ಅಜ್ಜಿ ವಿಷಯ ತಿಳಿದು ನೋಡಲು ಬಂದವರು, ಕೂಸು ಬೋರಲಾದರೆ ಹೋಳಿಗೆ ಮಾಡಿ ಹಂಚುವುದು ತಮ್ಮಲ್ಲಿ ರೂಢಿ ಎಂದು ಹೇಳಿ, ಮರುದಿನ ತಾವೇ ಒಂದು ಡಬ್ಬಿ ಹೋಳಿಗೆ ತಂದುಕೊಟ್ಟರು. ಕನ್ನಡದಲ್ಲಂತೂ ಇದಕ್ಕೆ ಊರಿಗೊಂದು ಮಾತು. ಕೆಲವೆಡೆ ಕೂಸು ಬೋರಲಾಗುತ್ತದೆ, ಕೆಲವೆಡೆ ಕವುಚಿಕೊಳ್ಳುತ್ತದೆ, ನಮ್ಮ ಕಡೆ ಡಬ್ಬ ಬೀಳುತ್ತದೆ. ಹಂಚಿದ ಹೋಳಿಗೆ ಒಂದು ರೀತಿಯ ಡಂಗುರವೂ ಹೌದು. ಈ ಮನೆಯ ಕೂಸು ಇನ್ನು ಇಟ್ಟಲ್ಲಿ ಇರುವುದಿಲ್ಲ, ಎಲ್ಲರೂ ಒಂದು ಕಣ್ಣಿಟ್ಟಿರಿ ಎಂದು ಕೇರಿಗೆಲ್ಲ ಸಾರಿದಂತೆ.

ಧರ್ಮಶಾಸ್ತ್ರಗಳಲ್ಲಿ 'ಭೂಮ್ಯುಪವೇಶನ' ಎಂಬ ಒಂದು ಸಂಸ್ಕಾರವಿದೆ. ಐದನೇ ತಿಂಗಳಲ್ಲಿ ಕೂಸನ್ನು ಮೊದಲ ಬಾರಿ ನೆಲದ ಮೇಲೆ ಕೂರಿಸಿ, ಇದನ್ನು ಕಾಪಾಡು ಎಂದು ಭೂಮಿಯನ್ನು ಬೇಡಿಕೊಳ್ಳುವುದು. ಐದನೇ ತಿಂಗಳು ಎಂದರೆ ಹೆಚ್ಚುಕಡಿಮೆ ಕೂಸು ಹೊರಳಲು ಕಲಿಯುವ ಕಾಲವೇ. ನಾವು ನೆಲವನ್ನು ಕೂಸಿಗೆ ಪೆಟ್ಟು ಕೊಡುವ ವಸ್ತು ಎಂದು ನೋಡುತ್ತೇವೆ. ಆ ಸಂಸ್ಕಾರ ನೆಲವನ್ನೇ ಕಾಯುವವಳೆಂದು ನೋಡಿತು. ನೆಲದ ಮೇಲಿರುವ ಕೂಸು ಇನ್ನೆಲ್ಲಿಗೆ ಬಿದ್ದೀತು?

ಹಾಗೆಂದು ಹಿಂದಿನವರ ಮನೆಗಳಲ್ಲಿ ಮಂಚವೇ ಇರಲಿಲ್ಲವೆಂದಲ್ಲ. ಬಾಣಂತಿ ಮಲಗುತ್ತಿದ್ದದ್ದು ಹೊರಸಿನ ಮೇಲೆ. ಅದರ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಆದರೆ ಹಗ್ಗದ ಹೊರಸು ನಡುವೆ ಜೋಲುತ್ತದೆ. ಕೂಸು ಹೊರಳಿದರೂ ಅಂಚಿನತ್ತ ಹೋಗದೆ ತಾಯಿಯತ್ತಲೇ ಜಾರುತ್ತದೆ. ಅಪಾರ್ಟ್‌ಮೆಂಟಿನ ಮಂಚದ ಹಾಸಿಗೆ ಹಲಗೆಯಂತೆ ಸಪಾಟು, ಕೆಳಗೆ ನುಣುಪಾದ ಟೈಲ್ಸ್. ಅಕ್ಕ ಕೂಸಿನ ಬಟ್ಟೆ ಬದಲಿಸಲೆಂದೇ ಸೊಂಟದೆತ್ತರದ ಮೇಜೊಂದನ್ನು ತರಿಸಿದ್ದಳು. ಅವ್ವ ಅದನ್ನು ಮೂಲೆಗೆ ತಳ್ಳಿ, ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಎರಡು ಕಾಲುಗಳ ನಡುವಿನ ಹಳ್ಳದಲ್ಲಿ ಕೂಸನ್ನು ಮಲಗಿಸಿಕೊಂಡು ನೀರೆರೆದಳು. ಬಟ್ಟೆ ಬದಲಿಸಿದ್ದೂ ಹಾಗೆಯೇ. ನೆಲದಿಂದ ಕೂಸಿಗಿದ್ದ ಎತ್ತರ ನಾಲ್ಕು ಬೆರಳು. ಎರಡೂ ಬದಿಗೆ ಅವಳ ಕಾಲೇ ಗೋಡೆ.

ಎತ್ತರದಲ್ಲಿ ಮಲಗಿಸಲೇಬೇಕಾದಾಗ ತೊಟ್ಟಿಲಿತ್ತು. ನಮ್ಮ ಜಿಲ್ಲೆಯ ಕಲಘಟಗಿ ತೊಟ್ಟಿಲಿಗೆ ಹೆಸರಾದ ಊರು. ಅಲ್ಲಿನ ಚಿತ್ರಗಾರರು ಅರಗಿನ ಬಣ್ಣದಲ್ಲಿ ರಾಮಾಯಣದ, ಕೃಷ್ಣಲೀಲೆಯ ಪ್ರಸಂಗಗಳನ್ನು ಬರೆದ ತೊಟ್ಟಿಲುಗಳು ಮೂರ್ನಾಲ್ಕು ತಲೆಮಾರು ಬಾಳುತ್ತವೆ. ನಾನು ಅಲ್ಲಿಯವರೆಗೆ ಆ ಚಿತ್ರಗಳನ್ನಷ್ಟೇ ನೋಡಿದ್ದೆ. ಈಗ ಕಣ್ಣಿಗೆ ಬಿದ್ದದ್ದು ನಾಲ್ಕೂ ಬದಿಯ ಕಟಕಟೆ.

ತೊಟ್ಟಿಲ ಶಾಸ್ತ್ರದಲ್ಲಿ ಇನ್ನೊಂದು ಪದ್ಧತಿಯಿದೆ. ಕೂಸಿಗಿಂತ ಮೊದಲು ರುಬ್ಬುವ ಗುಂಡನ್ನು ಕುಂಕುಮ ಹಚ್ಚಿ, ಕುಲಾವಿ ತೊಡಿಸಿ ತೊಟ್ಟಿಲಲ್ಲಿಟ್ಟು ತೂಗುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂಬುದು ಹರಕೆ. ಅವ್ವನನ್ನು ಕೇಳಿದರೆ ನಕ್ಕಳು. "ಹರಕೆ ಖರೆ. ಆದ್ರ ಆ ಕಲ್ಲು ತಡಕೊಂಡ ಕೊಂಡಿ ಕೂಸಿನ್ನ ತಡಕೊಳ್ಳಂಗಿಲ್ಲೇನು?" ಎಂದಳು. ಕೂಸಿಗಿಂತ ಭಾರದ್ದೊಂದನ್ನು ಮೊದಲು ತೂಗಿ, ತೊಲೆ, ಕೊಂಡಿ, ಸರಪಳಿಗಳನ್ನು ಪರೀಕ್ಷಿಸುವುದು. ಇಂದಿನ ಕಾರ್ಖಾನೆಗಳು ತೊಟ್ಟಿಲನ್ನು ಮಾರುವ ಮುನ್ನ ಮಾಡುವುದೂ ಇದನ್ನೇ.

ಇಷ್ಟು ಹೊತ್ತಿಗೆ ನಾನು ಮತ್ತೆ ರೈಸ್‌ನ ನಮೂದಿಗೆ ಮರಳಿದ್ದೆ. ಸರ್ಜಾಪುರ ಒಂದು ಕಾಲದಲ್ಲಿ ಸೈನಿಕರನ್ನು ಒದಗಿಸುವ ಷರತ್ತಿನ ಮೇಲೆ ಮೊಗಲರು ಕೊಟ್ಟ ಜಹಗೀರು. ಹತ್ತಿ ಬಟ್ಟೆ, ಜಮಖಾನೆ, ಪಟ್ಟಿಗಳನ್ನು ನೇಯುವ ಊರು. ಹಿಂದೆ ನವಿರಾದ ಮಸ್ಲಿನ್ ಕೂಡ ಇಲ್ಲಿ ತಯಾರಾಗುತ್ತಿತ್ತು. ಜಹಗೀರುದಾರನ ಸಾಲದವರೆಗೆ ಎಲ್ಲವೂ ಅಲ್ಲಿದೆ. ಮಗ್ಗದ ಬದಿಯಲ್ಲಿ ಕೂಸನ್ನು ಎಲ್ಲಿ ಮಲಗಿಸುತ್ತಿದ್ದರು ಎಂಬುದು ಮಾತ್ರ ಇಲ್ಲ. ಹತ್ತಿ ನೇಯ್ಗೆಯೆಂದರೆ ಮನೆಮಂದಿಯೆಲ್ಲ ಕೈಹಚ್ಚುವ ಕೆಲಸ. ಹೆಂಗಸರು ನೂಲು ಸುತ್ತುತ್ತಿದ್ದರು, ಕಂಡಿಕೆ ತುಂಬುತ್ತಿದ್ದರು. ಆ ಕೈಗಳು ಬಿಡುವಾಗದ ಹೊತ್ತಿನಲ್ಲಿ ಕೂಸು ಎಲ್ಲೋ ಒಂದು ಕಡೆ ಸುರಕ್ಷಿತವಾಗಿ ಇರಲೇಬೇಕಿತ್ತಲ್ಲ? ನನ್ನ ಅಧ್ಯಾಯದಲ್ಲಿ ಮಗ್ಗಗಳ ಎಣಿಕೆಯಿತ್ತು, ತೆರಿಗೆಯಿತ್ತು, ವ್ಯಾಪಾರವಿತ್ತು. ಈ ಪ್ರಶ್ನೆ ಇರಲಿಲ್ಲ.

ಉತ್ತರ ಕಿಟಕಿಯಾಚೆ ಇತ್ತು. ಎದುರಿನ ಖಾಲಿ ಜಾಗದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಕೆಳಮಹಡಿಯ ಎರಡು ಕಂಬಗಳ ನಡುವೆ ಹಳೆಯ ಸೀರೆಯ ಜೋಲಿ. ಇಟ್ಟಿಗೆ ಹೊರುವ ಹೆಂಗಸು ಹೋಗುತ್ತ ಒಮ್ಮೆ ತೂಗುತ್ತಿದ್ದಳು, ಬರುತ್ತ ಒಮ್ಮೆ ತೂಗುತ್ತಿದ್ದಳು. ನಡುವೆ ಐದಾರು ವರ್ಷದ ಹುಡುಗಿಯೊಬ್ಬಳು ಅದನ್ನು ಕಾಯುತ್ತಿದ್ದಳು. ಜೋಲಿಯಿಂದ ಕೂಸು ಹೊರಳಿ ಬೀಳುವುದು ಕಷ್ಟ. ಬಟ್ಟೆಯೇ ಅದನ್ನು ಸುತ್ತ ಅಪ್ಪಿಕೊಂಡಿರುತ್ತದೆ. ಆದರೆ ಅದನ್ನು ಹಾಡಿ ಹೊಗಳುವ ಮನಸ್ಸಾಗಲಿಲ್ಲ. ಜೋಲಿಯೊಳಗೆ ಎಳೆಗೂಸಿನ ಗದ್ದ ಎದೆಗೆ ಒತ್ತಿದರೆ ಉಸಿರಿಗೆ ತೊಡಕು. ಗಂಟು ಸಡಿಲಾದರೆ ಕೆಳಗೆ ಕಾಂಕ್ರೀಟು. ಕಾಯುವವಳಂತೂ ತಾನೇ ಕೂಸು.

ಈ ಜೋಲಿಗೂ ಒಂದು ಚರಿತ್ರೆಯಿದೆ. 1948ರ ಕಾರ್ಖಾನೆ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದಿತು. ಮುಂದೆ 1976ರ ತಿದ್ದುಪಡಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವದ ಕಟ್ಟಡ ಕೆಲಸ ನಡೆಯುತ್ತಿದ್ದ ಕಡೆ ದೂಳಿನಲ್ಲಿ ಬಿದ್ದಿದ್ದ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಒಂದು ಡೇರೆಯಲ್ಲಿ 'ಮೊಬೈಲ್ ಕ್ರೆಶಸ್' ಆರಂಭಿಸಿದರು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾಮಗಾರಿಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕಡ್ಡಾಯ ಮಾಡಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಿಂದ ಐವತ್ತು ಮಂದಿ ದುಡಿಯುವ ಕಚೇರಿಗಳಿಗೂ, ಎಂದರೆ ಅಕ್ಕನಂಥವರ ಐಟಿ ಕಂಪನಿಗಳಿಗೂ ಅದೇ ನಿಯಮ ಬಂತು. 2023ರಲ್ಲಿ ಕರ್ನಾಟಕ ಸರ್ಕಾರ ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಯೋಜನೆ ಪ್ರಕಟಿಸಿತು. ಇವುಗಳನ್ನೆಲ್ಲ ಸಾಲಾಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಕೂಸು ಬೀಳದಂತೆ ಕಾಯುವುದು ತಾಯಿಯೊಬ್ಬಳ ಎಚ್ಚರದ ವಿಷಯವಲ್ಲ ಎಂದು ಒಪ್ಪಿಕೊಳ್ಳಲು ಕಾನೂನಿಗೂ ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ಐವತ್ತು ಮಂದಿ ಇಲ್ಲದ ಕಡೆ ಇನ್ನೂ ಸೀರೆ ಮತ್ತು ಅಕ್ಕ ಎನ್ನಿಸಿಕೊಂಡ ಆ ಪುಟ್ಟ ಹುಡುಗಿಯೇ ಗತಿ.

ಹೊರದೇಶಗಳೂ ಪೆಟ್ಟು ತಿಂದೇ ಕಲಿತವು. ಅಮೆರಿಕ 1970ರ ದಶಕದಲ್ಲಿ ಕೂಸಿನ ಮಂಚದ ಕಂಬಿಗಳ ನಡುವಿನ ಸಂದು ಸುಮಾರು ಆರು ಸೆಂಟಿಮೀಟರ್ ಮೀರಬಾರದೆಂದು ನಿಯಮ ಮಾಡಿತು. ಕೂಸಿನ ಮೈ ತೂರಿ ತಲೆ ಸಿಕ್ಕಿಕೊಳ್ಳಬಾರದೆಂಬುದು ಕಾರಣ. ಒಂದು ಬದಿ ಕೆಳಗಿಳಿಯುವ ಮಂಚಗಳನ್ನು 2011ರಲ್ಲಿ ಮಾರುಕಟ್ಟೆಯಿಂದ ಹೊರಹಾಕಿತು. ಕಂಬಿಗೆ ಪೆಟ್ಟಾಗದಿರಲೆಂದು ಕಟ್ಟುತ್ತಿದ್ದ ಮೆತ್ತೆಗಳನ್ನೂ 2022ರ ಕಾನೂನು ನಿಷೇಧಿಸಿತು. ಮೆತ್ತಗಿನದಕ್ಕೆ ಮುಖ ಒತ್ತಿಕೊಂಡರೆ ಎಳೆಗೂಸು ಉಸಿರುಗಟ್ಟುತ್ತದೆ. ಇದನ್ನು ಓದಿದಾಗ ನನಗೆ ನಮ್ಮ ದಿಂಬುಗಳು ನೆನಪಾದವು. ಬೀಳದಿರಲೆಂದು ನಾನು ಕಟ್ಟಿದ್ದ ಕೋಟೆ ಬೀಳುವುದನ್ನು ತಡೆಯಲಿಲ್ಲ. ತಡೆದಿದ್ದರೆ ಇನ್ನೂ ಕೆಟ್ಟದ್ದು ಆಗಬಹುದಿತ್ತು. ಮಂಚವನ್ನು ಗೋಡೆಗೆ ಒತ್ತರಿಸುವುದೂ ಅಷ್ಟೆ. ನಡುವಿನ ಸಂದಿನಲ್ಲಿ ಕೂಸು ಸಿಕ್ಕಿಕೊಳ್ಳಬಹುದು.

ಹಾಗಾಗಿ ನಾವು ಮಾಡಿದ್ದು ತೀರ ಸರಳ. ಹಗಲಲ್ಲಿ ಕೂಸಿಗೆ ನೆಲವೇ ಗತಿಯಾಯಿತು: ಗಟ್ಟಿ ಚಾಪೆ, ಮೇಲೊಂದು ದುಪ್ಪಟಿ, ಸುತ್ತ ಏನೂ ಇಲ್ಲ. ನಿದ್ದೆಗೆ ಕಟಕಟೆಯಿರುವ, ದಿಂಬಿಲ್ಲದ ತೊಟ್ಟಿಲು, ಅಂಗಾತ ಮಲಗಿಸುವುದು. ಬಟ್ಟೆ ಬದಲಿಸುವ ಮೇಜಿನ ಮೇಲೆ ಈಗ ನನ್ನ ಪುಸ್ತಕಗಳಿವೆ. ಅವ್ವ ನನಗೆ ಹೇಳಿಕೊಟ್ಟ ನಿಯಮ ಒಂದೇ: "ಏಳೂ ಮೊದ್ಲು ಕೂಸಿನ್ನ ನೆಲಕ್ಕ ಇಳಿಸು, ಇಲ್ಲಾ ಎತ್ತಿಕೊಂಡ ಹೋಗು. ಕೂಸು ನಿನ್ನೆ ಇದ್ದಂಗ ಇವತ್ತ ಇರಂಗಿಲ್ಲ."

ಈ ಕೊನೆಯ ಮಾತನ್ನು ನನ್ನ ವಿಷಯದಲ್ಲಿ ಕೆಲಸ ಮಾಡುವವರೂ ನೆನಪಿಡಬೇಕು. ನಾನು ಆ ಬೆಳಿಗ್ಗೆ ಎದ್ದು ಹೋದದ್ದು, ಇದುವರೆಗೆ ಮಗುಚಿಲ್ಲ, ಇನ್ನು ಮುಂದೆಯೂ ಮಗುಚುವುದಿಲ್ಲ ಎಂಬ ನಂಬಿಕೆಯಿಂದ. ಚರಿತ್ರೆ ಓದುವವನು ಮಾಡಬಾರದ ತಪ್ಪು ಅದು.

ಅಧ್ಯಾಯ ಮುಗಿಯಿತು. ಮಗ್ಗಗಳ ಎಣಿಕೆಯ ನಂತರ ಹೊಸದಾಗಿ ಒಂದು ಭಾಗ ಸೇರಿಸಿದ್ದೇನೆ, ನೂಲು ಸುತ್ತುವ ಕೈಗಳ ಪಕ್ಕದಲ್ಲಿದ್ದ ಕೂಸುಗಳ ಬಗ್ಗೆ. ದಾಖಲೆಗಳು ಕಡಿಮೆ ಎಂದು ಮಾರ್ಗದರ್ಶಕರು ಹುಬ್ಬೇರಿಸಿದರು. ಇರಲಿ. ಅಳಿಯ ಈಗ ಹೊಸ್ತಿಲು ದಾಟಿದ್ದಾನೆ. ಎದುರಿನ ಕಟ್ಟಡ ಹತ್ತನೇ ಮಹಡಿ ಮುಟ್ಟಿದೆ. ಕೆಳಗಿನ ಕಂಬಗಳ ನಡುವೆ ಜೋಲಿ ಕಾಣುವುದಿಲ್ಲ. ಆ ಹೆಂಗಸು ಬೇರೆ ಕಟ್ಟಡಕ್ಕೆ ಹೋಗಿರಬೇಕು, ಸೀರೆಯನ್ನೂ ಆ ಹುಡುಗಿಯನ್ನೂ ಕರೆದುಕೊಂಡು.