ಕುಮಟಗಿಯ ನೀರು, ನಮ್ಮವರ ತೊಗಲು

ವಿಜಯಪುರದಿಂದ ಪೂರ್ವಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ ಕುಮಟಗಿ ಐತಿ. ಆದಿಲಶಾಹಿ ದೊರೆಗಳು ಬಿರುಬಿಸಿಲು ತಾಳದೆ ತಂಪಿಗೆಂದು ಬರುತ್ತಿದ್ದ ಜಾಗ. 1686ರಲ್ಲಿ ಔರಂಗಜೇಬ ವಿಜಾಪುರ ಗೆದ್ದ, ಆ ಮನೆತನ ಮುಗಿಯಿತು. ಕೆರೆ ಉಳಿಯಿತು. ಹೊಂಡದ ನಡುವಿನ ಮಂಟಪ, ನೀರಿನ ಗೋಪುರಗಳು ಉಳಿದವು.

ಅಲ್ಲಿನ ಯುಕ್ತಿ ಸರಳ. ಕೆರೆಯ ನೀರನ್ನು ಗೋಪುರದ ತೊಟ್ಟಿಗೆ ಏರಿಸಬೇಕು. ಎತ್ತರದಿಂದ ಇಳಿಯುವ ನೀರಿಗೆ ಒತ್ತಡ ಬರ್ತದ. ಅದೇ ಒತ್ತಡದಲ್ಲಿ ಕೊಳವೆಯೊಳಗೆ ಹರಿದು ಮಂಟಪದೊಳಗೆ ಕಾರಂಜಿಯಾಗಿ ಚಿಮ್ಮುತ್ತದೆ, ಛತ್ತಿನಿಂದ ಮಳೆಯಾಗಿ ಸುರಿಯುತ್ತದೆ. ಗೋಡೆಯ ತುಂಬ ಚಿತ್ರಗಳಿದ್ದವು: ಕುದುರೆ ಏರಿ ಚೆಂಡಾಡುವವರು, ಕುಸ್ತಿ ಹಿಡಿದ ಪೈಲವಾನರು, ಪರದೇಶದ ಬಿಳಿಯರು. ಈಗ ಬಣ್ಣ ಬಹಳಷ್ಟು ಉದುರಿದೆ.

ನೋಡಿದವರು ಹೊಗಳುತ್ತಾರೆ. ಹೊಗಳಲಿ, ಕೆಲಸ ಹೊಗಳುವಂಥದ್ದೇ. ಆದರೆ ನಾವು ಕೇಳುವುದು ಒಂದೇ: ನೀರು ತಾನಾಗಿ ಮ್ಯಾಲ ಹತ್ತೀತೇನು? ಎಂಜಿನ್ ಇಲ್ಲದ ಕಾಲದಲ್ಲಿ ಅದನ್ನು ಎತ್ತಿದ್ದು ಎತ್ತಿನ ಹೆಗಲು, ಮನುಷ್ಯನ ರಟ್ಟೆ. ನಮ್ಮ ಬಯಲುಸೀಮೆಯಲ್ಲಿ ಪಂಪು ಬರುವತನಕ ಬಾವಿಯಿಂದ ಹೊಲಕ್ಕೆ ನೀರು ಬಂದದ್ದು ತೊಗಲಿನ ಕಪಿಲೆಯಿಂದ. ಸತ್ತ ದನ ಹೊತ್ತು, ತೊಗಲು ಹದ ಮಾಡಿ, ಚೀಲ ಹೊಲಿದವರು ನಮ್ಮ ಕೇರಿಯವರು. ನಾವು ಹೊಲಿದ ಚೀಲ ಬಾವಿಗೆ ಇಳಿಯಬಹುದಿತ್ತು, ನಮ್ಮ ಕೊಡ ಇಳಿಯಬಾರದಿತ್ತು. ತೊಗಲಿಗೆ ಇಲ್ಲದ ಮೈಲಿಗೆ ಅದನ್ನು ಹದ ಮಾಡಿದ ಕೈಗೆ ಎಲ್ಲಿಂದ ಬಂತು?

ಸುಲ್ತಾನ ಹೋದ, ಪೇಶವೆ ಬಂದ, ಇಂಗ್ರೇಜಿ ಬಂತು. ಕೇರಿಯ ಬಾಯಾರಿಕೆ ಹೋಗಲಿಲ್ಲ. ವಿಜಾಪುರ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಆ ಮುಂಬಯಿ ವಿಧಾನ ಪರಿಷತ್ತು 1923ರಲ್ಲಿ ಎಸ್.ಕೆ. ಬೋಲೆಯವರ ಠರಾವು ಒಪ್ಪಿತು: ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು. ಠರಾವು ಕಾಗದದ ಮೇಲೇ ಉಳಿಯಿತು. ಅದಕ್ಕಾಗಿಯೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡದ ಚವದಾರ ಕೆರೆಗೆ ನಡೆದು ನೀರು ಕುಡಿದರು. ಕುಡಿದು ಹಿಂದಿರುಗಿದ ನಮ್ಮವರ ಮೇಲೆ ಬಡಿಗೆ ಬಿದ್ದವು. ಒಂದು ಬೊಗಸೆ ನೀರಿಗೆ ಕೊಟ್ಟ ಬೆಲೆ ಅದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಾಸ್ತರರೇ, ಗೆಳೆಯರೇ, ಮಕ್ಕಳನ್ನು ಕುಮಟಗಿಗೆ ಕರೆದೊಯ್ಯಿರಿ. ಕಮಾನು ತೋರಿಸಿರಿ, ಚಿತ್ರ ತೋರಿಸಿರಿ. ಗೋಪುರದ ಬುಡದಲ್ಲಿ ನಿಲ್ಲಿಸಿ, ನೀರು ಎತ್ತಿದವರು ಯಾರು ಎಂದು ಕೇಳಿರಿ. ಊರಿಗೆ ಮರಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿರಿ: ನಮ್ಮೂರಿನ ನೀರಿನ ಟಾಕಿಯಿಂದ ಕೊನೆಯ ನಳ ಯಾವ ಕೇರಿಗೆ ಹೋಗ್ತದ, ಅದರಾಗ ನೀರು ಬರ್ತದೋ ಇಲ್ಲೋ?