ಗದ್ದೆಯ ನೀರು, ಗದ್ದೆಯ ಮಿಥೇನ್

ವಾರಗಟ್ಟಲೆ ನೀರು ನಿಂತ ಭತ್ತದ ಗದ್ದೆಗೆ ಕಾಲಿಟ್ಟರೆ ಹೆಜ್ಜೆ ಹೆಜ್ಜೆಗೂ ಕೆಸರಿನಿಂದ ಗುಳ್ಳೆಗಳೇಳುತ್ತವೆ. ಅವುಗಳಲ್ಲಿರುವುದು ಹೆಚ್ಚಾಗಿ ಮಿಥೇನ್. ನೀರಿನ ಅಡಿ ಗಾಳಿಯಾಡದ ಮಣ್ಣಿನಲ್ಲಿ ಹಳೆಯ ಕೂಳೆ, ಬೇರು, ಸಗಣಿಗೊಬ್ಬರ ಕೊಳೆಯುವಾಗ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿಸುತ್ತವೆ. ಭಾರತದ ವಿಜ್ಞಾನಕ್ಕೆ ಈ ಗುಳ್ಳೆಗಳು ಹೊಸತಲ್ಲ. ಹ್ಯಾರಿಸನ್ ಮತ್ತು ಸುಬ್ರಮಣ್ಯ ಅಯ್ಯರ್ ಎಂಬ ಇಬ್ಬರು ರಸಾಯನ ತಜ್ಞರು ಭತ್ತದ ಕೆಸರಿನ ಅನಿಲಗಳನ್ನು ವಿಶ್ಲೇಷಿಸಿ 1913ರಲ್ಲೇ ಪ್ರಕಟಿಸಿದ್ದರು. ಬೇರಿಗೆ ಉಸಿರು ಎಲ್ಲಿಂದ ಸಿಗುತ್ತದೆ ಎಂಬುದು ಅವರ ಪ್ರಶ್ನೆ. ಹವಾಮಾನದ ಮಾತು ಆಗ ಯಾರ ತಲೆಯಲ್ಲೂ ಇರಲಿಲ್ಲ.

ಭತ್ತ ನೀರನ್ನು ಸಹಿಸುವ ಬೆಳೆ. ಸದಾ ನೀರಲ್ಲೇ ನಿಲ್ಲಬೇಕೆಂಬ ನಿಯಮ ಅದಕ್ಕಿಲ್ಲ. ರೈತರು ನೀರು ನಿಲ್ಲಿಸಿದ್ದಕ್ಕೆ ದೊಡ್ಡ ಕಾರಣ ಕಳೆ. ನಿಂತ ನೀರಿನಲ್ಲಿ ಹೆಚ್ಚಿನ ಕಳೆಗಳು ಮೊಳೆಯಲಾರವು. ಧಾರವಾಡ, ಹಾವೇರಿ, ಬೆಳಗಾವಿಯ ಮಲೆನಾಡಿನ ಸೆರಗಿನಲ್ಲಿ ಬೇರೆಯೇ ಪದ್ಧತಿ ಬೆಳೆದುಬಂತು. ಮುಂಗಾರಿಗೆ ಮುಂಚಿನ ಮಳೆಗೆ ಹದವಾದ ಹೊಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತಿ, ಸಾಲುಗಳ ನಡುವೆ ಎಡೆ ಹೊಡೆದು ಕಳೆ ತೆಗೆಯುವುದು ಅಲ್ಲಿನ ರೂಢಿ. ಸಸಿಮಡಿ ಇಲ್ಲ, ನಾಟಿ ಇಲ್ಲ. ಮಳೆ ಬಲಿತ ಮೇಲಷ್ಟೇ ನೀರು ನಿಲ್ಲುತ್ತದೆ.

ನೀರು ನಿಲ್ಲಿಸುವ ಬೇಸಾಯ ಹಬ್ಬಿದ್ದು ಕಾಲುವೆಗಳ ಜೊತೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಇಳಿಯಿತು. ಎಡದಂಡೆಯ ಯೋಜನೆಯಲ್ಲಿ ಹೆಚ್ಚಿನ ಜಮೀನು ಮಿತ ನೀರು ಕೇಳುವ ಬೆಳೆಗಳಿಗೆ ಮೀಸಲಾಗಿತ್ತು. ಆದರೂ ಗಂಗಾವತಿ, ಸಿಂಧನೂರು ಕಡೆ ಭತ್ತವೇ ಗೆದ್ದಿತು. 1966ರಲ್ಲಿ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್-8 ತಳಿಯನ್ನು ಬಿಡುಗಡೆ ಮಾಡಿತು. ಅದರ ಬೆನ್ನಿಗೆ ಬಂದ ಗಿಡ್ಡ ತಳಿಗಳು, ರಸಗೊಬ್ಬರ ಮತ್ತು ಕಾಲುವೆ ಸೇರಿ ದೇಶದ ಹಸಿವನ್ನು ಹಿಮ್ಮೆಟ್ಟಿಸಿದವು. ಆ ಉಪಕಾರವನ್ನು ಯಾವ ಲೆಕ್ಕವೂ ಅಳಿಸಬಾರದು.

ಲೆಕ್ಕದ ಜಗಳ ಶುರುವಾದದ್ದು ಆಮೇಲೆ. 1981ರಲ್ಲಿ ಸಿಸೆರೋನ್ ಮತ್ತು ಶೆಟರ್ ಎಂಬ ವಿಜ್ಞಾನಿಗಳು ಕ್ಯಾಲಿಫೋರ್ನಿಯಾದ ಗದ್ದೆಯಲ್ಲಿ ಅಳತೆ ಮಾಡಿ, ಮಿಥೇನ್ ಹೊರಬರುವ ಮುಖ್ಯ ದಾರಿ ಭತ್ತದ ಗಿಡವೇ ಎಂದು ತೋರಿಸಿದರು. ಬೇರಿಗೆ ಆಮ್ಲಜನಕ ಇಳಿಯುವ ಟೊಳ್ಳು ನಾಳಗಳಲ್ಲೇ ಈ ಅನಿಲ ಮೇಲೇರುತ್ತದೆ. ಕೆಲವೇ ವರ್ಷಗಳಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಭಾರತದ ಗದ್ದೆಗಳು ವರ್ಷಕ್ಕೆ ಸುಮಾರು 3.78 ಕೋಟಿ ಟನ್ ಮಿಥೇನ್ ಬಿಡುತ್ತವೆ ಎಂದು ಅಂದಾಜಿಸಿತು. ಆ ಅಂಕಿಗೆ ಆಧಾರ ಪರದೇಶದ ಗದ್ದೆಗಳ ಅಳತೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ 1991ರಲ್ಲಿ ದೇಶದ ನಾನಾ ಗದ್ದೆಗಳಲ್ಲೇ ಅಳತೆ ನಡೆಸಿತು. ವಿಧಾನ ಸರಳ: ಗಿಡಗಳ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ನಿಗದಿತ ಹೊತ್ತಿಗೆ ಸಿರಿಂಜಿನಿಂದ ಒಳಗಿನ ಗಾಳಿ ಎಳೆದು ಪರೀಕ್ಷಿಸುವುದು. ಬಂದ ಉತ್ತರ ಸುಮಾರು 40 ಲಕ್ಷ ಟನ್, ಆರೋಪಿಸಿದ್ದರ ಒಂಬತ್ತನೇ ಒಂದರಷ್ಟು. ಇಲ್ಲಿನ ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆ. ಮಳೆಯಾಶ್ರಿತ ಗದ್ದೆಗಳು ನಡುನಡುವೆ ಒಣಗುತ್ತವೆ. ಬಡವರ ಅನ್ನದ ಹೊಗೆಯನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಗೆ ಹಾಕಬಾರದೆಂದು ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ವಾದಿಸಿದ್ದೂ ಅದೇ ವರ್ಷ. ಅವರ ವಾದ ಇಂದಿಗೂ ನ್ಯಾಯದ್ದೇ.

ಅಂಕಿ ಇಳಿಯಿತೆಂದು ಮಿಥೇನ್ ಇಲ್ಲವಾಗಲಿಲ್ಲ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 27 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ. ಪರಿಹಾರದ ಬೀಜವೂ ಹಳೆಯ ಬೇಸಾಯದಲ್ಲೇ ಇತ್ತು. ಜಪಾನಿನಲ್ಲಿ ನಡುಬೇಸಿಗೆಯಲ್ಲಿ ಗದ್ದೆಯ ನೀರು ಬಸಿದು ನೆಲ ಬಿರಿಯುವವರೆಗೆ ಒಣಗಿಸುವ ರೂಢಿಯಿದೆ, ಹೆಸರು ನಾಕಾಬೋಶಿ. ವ್ಯರ್ಥ ತೆಂಡೆಗಳನ್ನು ತಡೆದು, ಕೊಯ್ಲಿಗೆ ನೆಲ ಗಟ್ಟಿಮಾಡುವುದು ಅದರ ಉದ್ದೇಶ. ಚೀನಾದಲ್ಲಿ 1980ರ ನಂತರ ಇಂಥ ಪದ್ಧತಿ ವ್ಯಾಪಕವಾದಾಗ ಮಿಥೇನ್ ಗಣನೀಯವಾಗಿ ತಗ್ಗಿತು. ಫಿಲಿಪ್ಪೀನ್ಸ್‌ನ ಸಂಸ್ಥೆ ಇದನ್ನೇ ಅಳತೆಗೆ ತಂದಿತು. ತೂತು ಕೊರೆದ 30 ಸೆಂ.ಮೀ. ಪೈಪನ್ನು ಅರ್ಧ ಹೂಳಿ ಒಳಗಿನ ನೀರು ನೋಡಬೇಕು. ಮಟ್ಟ ನೆಲದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ನೀರು ಬಿಡಬೇಕು. ಹೂವಾಡುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಲೇಬೇಕು. ಹೀಗೆ ಮಾಡಿದರೆ ಇಳುವರಿ ಕುಗ್ಗದೆ ಮಿಥೇನ್ ಮೂರನೇ ಒಂದರಿಂದ ಅರ್ಧದವರೆಗೆ ಇಳಿಯುತ್ತದೆ. ಯೂರಿಯಾ ಹೆಚ್ಚಾದ ಗದ್ದೆ ಒಣಗಿ ನೆನೆದಾಗ ನೈಟ್ರಸ್ ಆಕ್ಸೈಡ್ ಏಳುತ್ತದೆ, ಆದ್ದರಿಂದ ಗೊಬ್ಬರವನ್ನೂ ಹದವರಿತು ಕೊಡಬೇಕು.

ಕಾಲುವೆಯ ಸೀಮೆಯಲ್ಲಿ ಈ ಪೈಪು ಸುಲಭವಾಗಿ ಬೇರೂರುವುದಿಲ್ಲ. ನೀರಿನ ಕರ ಎಕರೆಗೆ, ಬಳಸಿದ ನೀರಿಗಲ್ಲ, ಉಳಿಸಿದವನಿಗೆ ಲಾಭವಿಲ್ಲ. ಮುಂದಿನ ಸರದಿ ಯಾವಾಗಲೋ ಎಂಬ ಅಂಜಿಕೆಯಿಂದ ಮೇಲ್ಭಾಗದ ರೈತ ಮಡಿ ತುಂಬಿಸಿಕೊಳ್ಳುತ್ತಾನೆ, ಕೊನೆ ಭಾಗದವನ ಪೈರು ಬಾಡುತ್ತದೆ. ರಾಯಚೂರು ಕಡೆ ಕೂರಿಗೆ ಭತ್ತಕ್ಕೆ ಹೊರಳಿದ ರೈತರನ್ನು ಅತ್ತ ತಳ್ಳಿದ್ದು ಹವಾಮಾನದ ಚಿಂತೆಯಲ್ಲ, ಕಾಲುವೆಗೆ ತಡವಾಗಿ ಬರುವ ನೀರು ಮತ್ತು ನಾಟಿಯ ಕೂಲಿ. ನೀರಾವರಿ ಇಲಾಖೆ ಸರದಿಯ ದಿನವನ್ನು ಮೊದಲೇ ತಿಳಿಸಿ, ಆ ಮಾತಿಗೆ ತಪ್ಪದೆ ನೀರು ಬಿಟ್ಟರೆ ಮೇಲ್ಭಾಗದ ಗದ್ದೆ ನಡುವೆ ಒಣಗಲು ಅಂಜಬೇಕಿಲ್ಲ. ಅಲ್ಲಿ ಉಳಿದ ನೀರು ಕೊನೆ ಭಾಗದ ಹೊಲದಲ್ಲಿ ಕಾಳಾಗುತ್ತದೆ.